ಹಿಕ್ಕೆ ನೋಡಿ ಬೋನು ಇಡಿ: ಇಲಿ ಕಾಟದ ಬಗ್ಗೆ ಓದುಗರ ಪ್ರಶ್ನೆಗಳು

ರಾಗಿ ಕಟಾವಾಗಿ ಬಣವೆ ಏಳುತ್ತಿದ್ದಂತೆ ಹೊಲದ ಇಲಿಗಳು ಊರ ಕಡೆ ಮುಖ ಮಾಡುತ್ತವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಇಲಿಯದ್ದೇ ಮಾತು. ಬಹುತೇಕರು ಕೇಳಿರುವುದು ‘ಯಾವ ಪಾಷಾಣ ಒಳ್ಳೆಯದು?’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ಬಂದಿರುವುದು ಯಾವ ಇಲಿ?’ ಎಂದು. ಅಟ್ಟದಲ್ಲಿ ಓಡುವ ಇಲಿಗೆ ನೆಲದ ಮೇಲೆ ಬೋನಿಟ್ಟು ತಿಂಗಳು ಕಾದವರು, ಹೆಗ್ಗಣದ ಬಿಲಕ್ಕೆ ಚಿಟ್ಟಿಲಿಯ ಕತ್ತರಿ (ಸ್ಪ್ರಿಂಗ್‌ನಿಂದ ಬಡಿದು ಕೊಲ್ಲುವ ಬೋನು) ಒಡ್ಡಿದವರು ಕಡಿಮೆಯಿಲ್ಲ.

ಪ್ರ: ಹೊಸ ಬಡಾವಣೆಯಲ್ಲಿ ಆರ್‌ಸಿಸಿ ಮನೆ. ಬೆಳಗ್ಗೆ ಎದ್ದರೆ ಅಡುಗೆ ಕಟ್ಟೆಯ ಮೇಲೆ, ಸಿಲಿಂಡರಿನ ಹಿಂದೆ ಕಪ್ಪು ಹಿಕ್ಕೆ ಬಿದ್ದಿರುತ್ತದೆ. ಪ್ರಾಣಿ ಇದುವರೆಗೆ ಕಣ್ಣಿಗೆ ಬಿದ್ದಿಲ್ಲ. ಇಲಿಯೇ ಹೌದೇ? ಯಾವ ಜಾತಿ? (ತುಮಕೂರು)

ಉ: ಮೊದಲು ಹಲ್ಲಿಯದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹಲ್ಲಿಯ ಹಿಕ್ಕೆಗೆ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಅಂಟಿರುತ್ತದೆ, ಇಲಿಯದಕ್ಕೆ ಇರುವುದಿಲ್ಲ. ಕಡ್ಡಿಯಿಂದ ಒತ್ತಿದ ಕೂಡಲೇ ಪುಡಿಯಾಗಿ, ಹುಳುಗಳ ರೆಕ್ಕೆಯ ಮಿನುಗು ಕಂಡರೆ ಅದು ಬಾವಲಿಯದು. ಸಾಮಾನ್ಯವಾಗಿ ಸೂರಿನ ಕೆಳಗೆ ಒಂದೇ ಕಡೆ ಬಿದ್ದಿರುತ್ತದೆ.

ಇಲಿಯದೇ ಎಂದಾದರೆ ಅಳತೆ ನೋಡಿ. ಅಕ್ಕಿಕಾಳಿನಷ್ಟು, ಅಂದರೆ 3ರಿಂದ 6 ಮಿ.ಮೀ. ಇದ್ದು ಅಲ್ಲೊಂದು ಇಲ್ಲೊಂದು ಚೆಲ್ಲಿದಂತಿದ್ದರೆ ಚಿಟ್ಟಿಲಿ. ಬೇವಿನ ಬೀಜದಷ್ಟು ಉದ್ದ, ಅದಕ್ಕಿಂತ ತೆಳು, ಎರಡೂ ತುದಿ ಚೂಪು, ಸುಮಾರು 12 ಮಿ.ಮೀ. ಇದ್ದರೆ ಮನೆಯಿಲಿ, ಹೆಂಚಿನ ಮನೆಯಲ್ಲಿ ತೊಲೆಯ ಮೇಲೆ ಓಡುವುದು ಇದೇ. ಖರ್ಜೂರದ ಬೀಜದ ಗಾತ್ರಕ್ಕೆ ಹತ್ತಿರ, ದಪ್ಪ, ಬಚ್ಚಲು, ಮೋರಿ, ಕಾಂಪೌಂಡಿನ ಬದಿಯಲ್ಲಿ ಬಿದ್ದಿದ್ದರೆ ಹೆಗ್ಗಣ. ಹೊಸ ಹಿಕ್ಕೆ ಮೆತ್ತಗೆ, ಹೊಳಪಾಗಿ ಇರುತ್ತದೆ. ಮಾಸಲು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಹಳೆಯದು. ಇಲಿ ಈಗ ಅಲ್ಲಿಲ್ಲದಿರಲೂಬಹುದು. ಆದ್ದರಿಂದ ಇವತ್ತು ಪೂರ್ತಿ ಒರೆಸಿ, ನಾಳೆ ಬಿದ್ದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅನುಮಾನ ಉಳಿದರೆ ರಾತ್ರಿ ಮಲಗುವ ಮುನ್ನ ಗೋಡೆಯ ಬುಡದಲ್ಲಿ ಒಂದು ಗೇಣು ಅಗಲಕ್ಕೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ. ಬೆಳಗ್ಗೆ ಹಿಂಗಾಲಿನ ಗುರುತು ಅಳೆಯಿರಿ: 2 ಸೆಂ.ಮೀ.ಗಿಂತ ಕಡಿಮೆಯಾದರೆ ಚಿಟ್ಟಿಲಿ, 3ರಿಂದ 3.5 ಆದರೆ ಮನೆಯಿಲಿ, 4.5 ದಾಟಿದರೆ ದೊಡ್ಡ ಹೆಗ್ಗಣ. ಹೆಜ್ಜೆ ಯಾವ ಕಡೆಯಿಂದ ಬಂದಿದೆ ಎಂಬುದೂ ಅದರಲ್ಲೇ ಬರೆದಿರುತ್ತದೆ. ಇಲಿಯ ಜಾತಿಗಿಂತ ಕೆಲವೊಮ್ಮೆ ಆ ದಿಕ್ಕಿನ ಸುಳಿವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಣ್ಣಿಗೆ ಬಿದ್ದರೆ ಬಾಲ, ಕಿವಿ ನೋಡಿ. ಮನೆಯಿಲಿಯ ಬಾಲ ತಲೆ ಮತ್ತು ಮೈ ಸೇರಿದ ಉದ್ದಕ್ಕಿಂತ ಹೆಚ್ಚು. ಕಿವಿ ಅಗಲ, ಮಡಿಸಿದರೆ ಕಣ್ಣು ಮುಚ್ಚುವಷ್ಟು. ಹೆಗ್ಗಣದ ಬಾಲ ಮೈಗಿಂತ ಗಿಡ್ಡ, ಮೂತಿ ಮೊಂಡು, ಕೆಣಕಿದರೆ ಬೆನ್ನಿನ ಕೂದಲು ನಿಮಿರಿಸಿಕೊಂಡು ಗುರುಗುಟ್ಟುತ್ತದೆ. ಚಿಟ್ಟಿಲಿ ತೂಗಿದರೆ 15ರಿಂದ 25 ಗ್ರಾಂ. ಒಂದು ಗೊಂದಲ ಆಗಾಗ ಆಗುತ್ತದೆ: ಮನೆಯಿಲಿಯ ಮರಿಯನ್ನು ಚಿಟ್ಟಿಲಿ ಎಂದುಕೊಳ್ಳುವುದು. ಮರಿಗೆ ಮೈಗಿಂತ ತಲೆ, ಪಾದ ದೊಡ್ಡದಾಗಿ ಕಾಣುತ್ತವೆ. ಚಿಟ್ಟಿಲಿಗೆ ಎರಡೂ ಪುಟ್ಟವು.

ನೀವು ಬರೆದಿರುವುದನ್ನು ನೋಡಿದರೆ ಚಿಟ್ಟಿಲಿ ಇರುವ ಸಾಧ್ಯತೆ ಹೆಚ್ಚು. ಅದು ಗೂಡಿನಿಂದ 3ರಿಂದ 10 ಮೀಟರ್ ದಾಟುವುದು ಅಪರೂಪ. ಅಂದರೆ ಗೂಡು ನಿಮ್ಮ ಅಡುಗೆಮನೆಯಲ್ಲೇ ಇದೆ. ಫ್ರಿಜ್ಜಿನ ಹಿಂದಿನ ಮೋಟರ್ ಜಾಗ, ಒಲೆಯ ಅಡಿ, ಕಟ್ಟೆ ಕೆಳಗಿನ ಕಪಾಟಿನ ಹಿಂಬದಿ, ಹಳೆ ಪೇಪರ್ ಕಟ್ಟು – ಇಷ್ಟನ್ನು ಎಳೆದು ನೋಡಿ. ಸಿಂಕಿನ ಪೈಪು ಗೋಡೆ ಹೊಕ್ಕಿರುವ ಜಾಗದಲ್ಲಿ ಸುತ್ತ ಸಂದು ಬಿಟ್ಟಿರುತ್ತಾರೆ, ಹೊಸ ಮನೆಗಳಲ್ಲಿ ಇದು ತಪ್ಪದು. ಸೀಸದ ಕಡ್ಡಿ ತೂರುವ ಸಂದಿದ್ದರೆ ಚಿಟ್ಟಿಲಿಯೂ ತೂರುತ್ತದೆ. ಅದಕ್ಕೆ 6 ಮಿ.ಮೀ. ಸಾಕು. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ ಮೇಲೆ ಸಿಮೆಂಟ್ ಬಳಿಯಿರಿ. ಕಬ್ಬಿಣದ ನಾರು ತೇವಕ್ಕೆ ತುಕ್ಕು ಹಿಡಿದು ಉದುರುತ್ತದೆ, ಸ್ಟೇನ್‌ಲೆಸ್ಸೇ ಇರಲಿ. ಬರೀ ಫೋಮ್ ಸ್ಪ್ರೇ ಹೊಡೆದರೆ ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ.

ಪ್ರ: ಹೆಂಚಿನ ಮನೆ, ಮೇಲೆ ಕೊಬ್ಬರಿ ಅಟ್ಟ. ಇಲಿ ಕಾಯಿ ಕೊರೆಯುವುದು, ನಾರು ಕಿತ್ತು ಗೂಡು ಕಟ್ಟುವುದು ನಿಂತಿಲ್ಲ. ತೋಟದಲ್ಲೂ ಎಳನೀರು ತೊಟ್ಟಿನ ಬಳಿ ತೂತಾಗಿ ಉದುರುತ್ತಿವೆ. ಬೋನಿಗೆ ಕೊಬ್ಬರಿ ಚೂರು ಇಟ್ಟರೂ ಸುಳಿಯುವುದಿಲ್ಲ. (ತಿಪಟೂರು ತಾಲ್ಲೂಕು)

ಉ: ಸಾವಿರಾರು ಕಾಯಿ ನಡುವೆ ಒಂದು ಚೂರು ಕೊಬ್ಬರಿ ಇಟ್ಟು ಕರೆದರೆ ಯಾವ ಇಲಿ ಬಂದೀತು? ಅಲ್ಲಿ ಏನು ಸಿಗುವುದಿಲ್ಲವೋ ಅದನ್ನೇ ಇಡಬೇಕು. ಅಟ್ಟದಲ್ಲಿ ನೀರಿಲ್ಲ, ಚಿಟ್ಟಿಲಿಯಂತಲ್ಲದೆ ಮನೆಯಿಲಿಗೆ ದಿನವೂ ನೀರು ಬೇಕು. ಟೊಮೆಟೊ ಹೋಳು, ಬಾಳೆಹಣ್ಣು, ಹಸಿ ಸೌತೆಕಾಯಿ ಇಡಿ. ತಿನ್ನುವವರ ಮನೆಯಾದರೆ ಒಣಮೀನಿನ ತಲೆ ಇನ್ನೂ ಒಳ್ಳೆಯದು.

ಬೋನಿನ ಜಾಗವೂ ತಪ್ಪಿದೆ ಎನಿಸುತ್ತದೆ. ಮನೆಯಿಲಿ ತೊಲೆ, ಜಂತೆ, ಗೋಡೆಯ ತಲೆಯ ಮೇಲೆ ಓಡಾಡುತ್ತದೆ. ಓಡಿದ ದಾರಿಯಲ್ಲಿ ಮೈಯ ಜಿಡ್ಡು ಹತ್ತಿ ಕಪ್ಪು ಕಲೆಯಾಗಿರುತ್ತದೆ. ಟಾರ್ಚ್ ಹಿಡಿದು ಆ ಕಲೆ ಹುಡುಕಿ, ಅಲ್ಲೇ ಸ್ಪ್ರಿಂಗ್ ಕತ್ತರಿಯನ್ನು ತಂತಿಯಿಂದ ತೊಲೆಗೆ ಬಿಗಿದು ಇಡಿ. ಬಿಗಿಯದಿದ್ದರೆ ಅರೆಪೆಟ್ಟು ತಿಂದ ಇಲಿ ಕತ್ತರಿ ಸಮೇತ ಕಾಯಿ ರಾಶಿಯೊಳಗೆ ಹೋಗಿ ಸಾಯುತ್ತದೆ.

ಮರದಿಂದ ಮನೆಗೆ ಬರುವ ದಾರಿ ಕಡಿಯದೆ ಇದ್ದರೆ ಹಿಡಿದಷ್ಟೂ ಬರುತ್ತಲೇ ಇರುತ್ತವೆ. ಹೆಂಚಿಗೆ ತಾಗುವ ಗರಿ, ಕೊಂಬೆಗಳನ್ನು ಸೂರಿನಿಂದ ಕನಿಷ್ಠ 1.5 ಮೀಟರ್ ಹಿಂದಕ್ಕೆ ಸವರಿ. ಸೂರಿನ ಕೊನೆ ಸಾಲಿನ ಹೆಂಚಿನ ಕೆಳಗೆ ಬಾಯಿ ತೆರೆದ ಸಂದುಗಳಿರುತ್ತವೆ; ಅವಕ್ಕೆ ಕಾಲಿಂಚು ಕಣ್ಣಿನ ವೆಲ್ಡ್ ಮೆಶ್ (ತಂತಿ ಜಾಲರಿ) ಮಡಿಸಿ ತುರುಕಿ ಗಾರೆ ಕಟ್ಟಿಸಿ. ಅಟ್ಟದ ಏಣಿಯನ್ನು ರಾತ್ರಿ ತೆಗೆದಿಡಿ. ಅಟ್ಟ ಹೊತ್ತ ಕಂಬಗಳಿಗೆ ಎದೆಯೆತ್ತರದಲ್ಲಿ 45 ಸೆಂ.ಮೀ. ಅಗಲದ ನುಣುಪಾದ ತಗಡು ಸುತ್ತಿಸಿ. ಕಾಯಿ ರಾಶಿ ಗೋಡೆಗೆ ಒತ್ತಿಕೊಂಡಿರದೆ ಒಂದೂವರೆ ಅಡಿ ಜಾಗ ಬಿಟ್ಟಿದ್ದರೆ ಇಲಿಗೆ ಮರೆ ಸಿಗುವುದಿಲ್ಲ, ನಿಮಗೂ ಸುತ್ತ ಓಡಾಡಿ ನೋಡಲು ಬರುತ್ತದೆ.

ತೋಟದ ಮರಕ್ಕೆ ತಗಡಿನ ಪಟ್ಟಿ: ನೆಲದಿಂದ 2 ಮೀಟರ್ ಎತ್ತರದಲ್ಲಿ, 40 ಸೆಂ.ಮೀ. ಅಗಲ, ಸುತ್ತ ಸಂದಿಲ್ಲದಂತೆ. ಇದರಲ್ಲಿ ಜನ ಎಡವುವುದು ಒಂದೇ ಕಡೆ. ಗರಿಗೆ ಗರಿ ತಾಗುವ ಹತ್ತು ಮರಗಳಿದ್ದು ಆರಕ್ಕೆ ಮಾತ್ರ ಪಟ್ಟಿ ಹೊಡೆಸಿದರೆ ಉಳಿದ ನಾಲ್ಕನ್ನು ಹತ್ತಿ ಗರಿಯಿಂದ ಗರಿಗೆ ದಾಟುತ್ತದೆ. ತಾಗುವ ಗುಂಪಿಗೆಲ್ಲ ಒಟ್ಟಿಗೆ ಹೊಡೆಸಿ. ಆಗಲೇ ಸುಳಿಯಲ್ಲಿ ಗೂಡು ಮಾಡಿರುವ ಇಲಿ ಪಟ್ಟಿಯ ಮೇಲೇ ಉಳಿಯುತ್ತದೆ. ಅದಕ್ಕಾಗಿ ಐದು ಮರಕ್ಕೊಂದರಂತೆ ಸುಳಿಯಲ್ಲಿ 10 ಗ್ರಾಂ ಬ್ರೋಮಡಿಯೋಲೋನ್ ಎಂಬ ಇಲಿ ಪಾಷಾಣದ (ಶೇ. 0.005) ಮೇಣದ ಬಿಲ್ಲೆಯನ್ನು 12 ದಿನ ಬಿಟ್ಟು ಎರಡು ಸಲ ಇಡಿಸುವುದು ತೆಂಗಿನ ತೋಟಕ್ಕೆ ಶಿಫಾರಸಾದ ಕ್ರಮ. ಅಟ್ಟದಲ್ಲಿ ಮಾತ್ರ ಬಿಲ್ಲೆ ಬೇಡ. ಇಲಿ ಅದನ್ನು ಕಚ್ಚಿಕೊಂಡು ಹೋಗಿ ತಿನ್ನುವ ಕೊಬ್ಬರಿಯ ನಡುವೆ ಬಚ್ಚಿಡುತ್ತದೆ.

ಪ್ರ: ಸೈಜುಗಲ್ಲಿನ ಪಾಯದ ಬದಿಯಲ್ಲಿ ದೊಡ್ಡ ಬಿಲಗಳು, ಪಕ್ಕದಲ್ಲಿ ಬುಟ್ಟಿಗಟ್ಟಲೆ ಮಣ್ಣು. ಕಲ್ಲು ಹಾಕಿ ಮುಚ್ಚಿದರೆ ಎರಡು ದಿನದಲ್ಲಿ ಇನ್ನೊಂದು ಕಡೆ ತೋಡಿರುತ್ತದೆ. ಬಚ್ಚಲಿಗೂ ಬರುತ್ತಿದೆ. (ಕೋಲಾರ)

ಉ: ಇದು ಹೆಗ್ಗಣ. ದೊಡ್ಡದು ಒಂದು ಕಿಲೋವರೆಗೂ ತೂಗುತ್ತದೆ. ಸಣ್ಣ ಜಾತಿಯದು 200–350 ಗ್ರಾಂ. ತೋಡುವುದರಲ್ಲಿ ಎರಡೂ ಒಂದೇ. ಮನೆಯೊಳಗೆ ವಾಸವಿರುವುದಿಲ್ಲ, ಊಟಕ್ಕೆ ಬಂದು ಹೋಗುತ್ತದೆ. ಹೀಗಾಗಿ ಒಳಗೆ ಬೋನಿಡುವುದಕ್ಕಿಂತ ದಾರಿ ಕಟ್ಟುವುದರಲ್ಲೇ ಹೆಚ್ಚು ಲಾಭ.

ಬಿಲ ಹತ್ತಿದ್ದರೂ ವಾಸ ಎರಡು ಮೂರರಲ್ಲಿ ಮಾತ್ರ ಇರಬಹುದು. ಸಂಜೆ ಎಲ್ಲಾ ಬಾಯಿಗಳನ್ನೂ ಹಸಿಮಣ್ಣಿನಿಂದ ಮುಚ್ಚಿ. ಬೆಳಗ್ಗೆ ತೆರೆದಿರುವುದೇ ಜೀವಂತ ಬಿಲ. ಬಾಯಿಗೆ ತಾನೇ ಸಡಿಲ ಮಣ್ಣು ತುಂಬಿ ಒಳಗೆ ಮಲಗುವ ಅಭ್ಯಾಸವೂ ಇದಕ್ಕಿದೆ, ಆದ್ದರಿಂದ ‘ಮುಚ್ಚಿಹೋಗಿದೆ, ಬಿಟ್ಟುಹೋಗಿದೆ’ ಎಂದುಕೊಳ್ಳಬೇಡಿ. ಒಂದು ಮಾತು, ಬಿಲಕ್ಕೆ ಬರಿಗೈ ಹಾಕಬೇಡಿ. ಇಲಿ ಇದ್ದಲ್ಲಿ ನಾಗರ, ಕೊಳಕುಮಂಡಲಗಳು ಬರುತ್ತವೆ. ಬಿಟ್ಟ ಬಿಲ ಅವಕ್ಕೆ ಸಿದ್ಧ ಮನೆ.

ಬರೀ ಕಲ್ಲು, ಇಟ್ಟಿಗೆ ಚೂರು ತುಂಬಿದರೆ ಹೆಗ್ಗಣ ಅದರ ಪಕ್ಕದ ಮೆತ್ತನೆ ಮಣ್ಣನ್ನು ತೋಡುತ್ತದೆ. ಹೀಗೆ ಮಾಡಿಸಿ: ಮೊದಲು ಬೋನಿನಿಂದ ಹಿಡಿದು, ಮೂರು ದಿನ ಯಾವ ಬಾಯಿಯೂ ತೆರೆಯದ ಮೇಲೆ ಬಿಲವನ್ನು ಕೈಗೆಟುಕುವಷ್ಟು ಅಗೆಸಿ. ಒಂದು ಬಾಂಡ್ಲಿ ಸಿಮೆಂಟಿಗೆ ಮೂರು ಬಾಂಡ್ಲಿ ಮರಳು, ಜೊತೆಗೆ ಸಣ್ಣ ಜಲ್ಲಿ, ಒಡೆದ ಗಾಜಿನ ಚೂರು ಬೆರೆಸಿ ಒಳಕ್ಕೆ ಗಿಡಿಸಿ. ಸೈಜುಗಲ್ಲಿನ ಸಂದುಗಳಿಗೆ ಪಾಯದ ಉದ್ದಕ್ಕೂ ಪಾಯಿಂಟಿಂಗ್ ಮಾಡಿಸಿ. ಹಳೆ ಮನೆಗಳಲ್ಲಿ ಮಣ್ಣಿನ ಗಾರೆ ಇದ್ದು, ಅದು ಮಳೆಗೆ ತೊಳೆದು ಹೋಗಿರುತ್ತದೆ. ಮತ್ತೆ ಮತ್ತೆ ತೋಡುವ ಬದಿಯಲ್ಲಿ 60 ಸೆಂ.ಮೀ. ಆಳಕ್ಕೆ ಕಾಲುವೆ ತೆಗೆಸಿ, ಗೋಡೆಗೆ ಒತ್ತಿದಂತೆ ವೆಲ್ಡ್ ಮೆಶ್ ಇಳಿಬಿಟ್ಟು, ಬುಡದಲ್ಲಿ 30 ಸೆಂ.ಮೀ. ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿಸಿ. ತೋಡುತ್ತ ಬಂದ ಹೆಗ್ಗಣ ಜಾಲರಿ ತಾಗಿದರೆ ಕೆಳಗೆ ಇಳಿಯುತ್ತದೆ, ಮಡಿಕೆ ಅಲ್ಲೂ ತಡೆಯುತ್ತದೆ. ಮಡಿಕೆಯಿಲ್ಲದೆ ನೇರ ಜಾಲರಿ ಇಳಿಸಿದವರ ಖರ್ಚು ದಂಡ.

ಬಚ್ಚಲ ತೂಬಿಗೆ ಸ್ಕ್ರೂ ಹಾಕಿ ಕೂರಿಸುವ ಕಬ್ಬಿಣ ಅಥವಾ ಸ್ಟೀಲಿನ ಜಾಲಿ ಬೇಕು. ಸುಮ್ಮನೆ ಮೇಲಿಟ್ಟದ್ದನ್ನು ಹೆಗ್ಗಣ ಮೂತಿಯಿಂದ ಎತ್ತುತ್ತದೆ. ಮೋರಿಗೆ ಸೇರುವ ಕಡೆ ಟ್ರ್ಯಾಪ್ (ನೀರು ನಿಲ್ಲುವ ಬಾಗು ಪೈಪು) ಇದ್ದು ನೀರು ನಿಂತಿದೆಯೇ ನೋಡಿ. ಒಣಗಿದ ಟ್ರ್ಯಾಪ್ ತೆರೆದ ಬಾಗಿಲಿದ್ದಂತೆ. ಮರದ ಬಾಗಿಲ ಕೆಳಗೆ ಕಡಿದಿದ್ದರೆ ಹೊರಬದಿಗೆ 30 ಸೆಂ.ಮೀ. ಎತ್ತರದ ತಗಡು ಹೊಡೆಸಿ, ಹೊಸ್ತಿಲಿಗೂ ಬಾಗಿಲಿಗೂ ನಡುವೆ 6 ಮಿ.ಮೀ. ಮೀರದಂತೆ ಮಾಡಿಸಿ. ಬೀದಿನಾಯಿಗೆಂದು ಗೇಟಿನ ಬಳಿ ಹಾಕುವ ಅನ್ನ ರಾತ್ರಿ ಉಳಿಯದಿರಲಿ. ಹೆಗ್ಗಣ ಬರುವುದು ಮುಖ್ಯವಾಗಿ ಅದಕ್ಕೇ.

ಪ್ರ: ಹದಿನೈದು ದಿನದಿಂದ ಒಂದೇ ಬೋನು. ಒಡ್ಡಿದ ವಡೆ ಮಾಯ, ಇಲಿ ಮಾತ್ರ ಇಲ್ಲ. (ಚಿಂತಾಮಣಿ)

ಉ: ತಿಂದದ್ದು ಬಹುಶಃ ಚಿಟ್ಟಿಲಿ. ದೊಡ್ಡ ಬೋನಿನ ಕೊಕ್ಕೆ ಎಳೆಯಲು ಅದರ ಭಾರ ಸಾಲದು, ಕಂಬಿಗಳ ನಡುವೆಯೇ ಬಂದು ಹೋಗುತ್ತದೆ. ಅದಕ್ಕೆ ಚಿಕ್ಕ ಕತ್ತರಿ ತನ್ನಿ. ತಿಂಡಿ ಕಡಲೆಕಾಳಿನಷ್ಟು ಸಾಕು. ಎಣ್ಣೆಯಲ್ಲಿ ಹುರಿದ ಕಡಲೆಕಾಯಿ ಬೀಜ ಅಥವಾ ಸುಟ್ಟ ಕೊಬ್ಬರಿಯನ್ನು ದಾರದಿಂದ ಕೊಕ್ಕೆಗೆ ಕಟ್ಟಿ. ಸುಮ್ಮನೆ ಇಟ್ಟರೆ ಮೆಲ್ಲಗೆ ಎತ್ತಿಕೊಂಡು ಹೋಗುತ್ತದೆ, ಕಟ್ಟಿದರೆ ಎಳೆಯಲೇಬೇಕು.

ಕತ್ತರಿಯನ್ನು ಗೋಡೆಗೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಗೆ ತಾಗುವಂತೆ ಇಡಿ. ಇಲಿಗಳು ಗೋಡೆ ಸವರಿಕೊಂಡೇ ಓಡುತ್ತವೆ, ಬಯಲಿಗೆ ಬರುವುದಿಲ್ಲ. ಕೋಣೆಯ ನಡುವೆ ಇಟ್ಟ ಬೋನಿಗೆ ಬೀಳುವುದು ಮನೆಯವರ ಕಾಲ್ಬೆರಳು ಮಾತ್ರ. ಚಿಟ್ಟಿಲಿಗೆ 2–3 ಮೀಟರಿಗೊಂದು, ಮನೆಯಿಲಿಗೆ 5–6 ಮೀಟರಿಗೊಂದು. ಒಂದು ಬೋನು ಹದಿನೈದು ದಿನ ಇಡುವುದಕ್ಕಿಂತ ಆರು ಬೋನು ಮೂರು ರಾತ್ರಿ ಇಡುವುದು ಮೇಲು.

ಮನೆಯಿಲಿಗೆ, ಹೆಗ್ಗಣಕ್ಕೆ ಹೊಸ ವಸ್ತು ಕಂಡರೆ ಅನುಮಾನ. ಮೂರು ರಾತ್ರಿ ಬೋನಿನ ಬಾಗಿಲನ್ನು ತಂತಿಯಿಂದ ಕಟ್ಟಿ ತೆರೆದಿಟ್ಟು ತಿಂಡಿ ಹಾಕಿ. ಧೈರ್ಯವಾಗಿ ತಿನ್ನತೊಡಗಿದ ಮೇಲೆ ನಾಲ್ಕನೇ ರಾತ್ರಿ ಒಡ್ಡಿ. ಚಿಟ್ಟಿಲಿಗೆ ಈ ಕಾಯುವಿಕೆ ಬೇಡ. ಅದಕ್ಕೆ ಹೊಸದನ್ನು ಮೂಸಿ ನೋಡುವ ಚಪಲ.

ಅಂಟು ಹಲಗೆ ತರಬೇಡಿ. ಇಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಹಲ್ಲಿ, ಗುಬ್ಬಿ, ಬೆಕ್ಕಿನ ಮರಿಯೂ ಸಿಕ್ಕಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದಕ್ಕೆ ವಿರೋಧ ಹೇಳಿದೆ. ಬೋನಿಗೆ ಬಿದ್ದದ್ದನ್ನು ರಸ್ತೆಯಾಚೆ ಬಿಟ್ಟು ಬರುವುದೂ ಪರಿಹಾರವಲ್ಲ. ಅದು ಎದುರು ಮನೆಗೆ ಹೋಗುತ್ತದೆ, ಇಲ್ಲವೇ ನಿಮ್ಮಲ್ಲಿಗೇ ಮರಳುತ್ತದೆ.

ಪ್ರ: ರಾತ್ರಿ ಗೋಡೆ ಬದಿಯಲ್ಲಿ ‘ಚಿಂವ್ ಚಿಂವ್’ ಎನ್ನುತ್ತ ಓಡುವ ಸುಂಡಿಲಿಯನ್ನು ಕೊಲ್ಲಬೇಕೇ? ಕೆಟ್ಟ ವಾಸನೆ. (ಗುಬ್ಬಿ)

ಉ: ಸುಂಡಿಲಿ ಎಂಬ ಹೆಸರನ್ನು ಕೆಲವೆಡೆ ಚಿಟ್ಟಿಲಿಗೂ ಹೇಳುತ್ತಾರೆ. ನೀವು ಹೇಳುವುದು ಉದ್ದ ಮೂತಿಯ ಮೂಗಿಲಿ. ಹೆಸರಿನಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಯಲ್ಲ. ವೈರು, ಬಟ್ಟೆ ಕಡಿಯುವ ಬಾಚಿಹಲ್ಲು ಅದಕ್ಕಿಲ್ಲ. ಮುಂಗಾಲಿನಲ್ಲಿ ಐದು ಬೆರಳು, ಇಲಿಗೆ ನಾಲ್ಕು. ತಿನ್ನುವುದು ಜಿರಲೆ, ಮಿಡತೆ, ಹುಳು. ಜಿರಲೆ ಕಡಿಮೆ ಮಾಡಿ, ಬಾಗಿಲ ಸಂದು ಮುಚ್ಚಿ, ತಾನಾಗಿ ಹೋಗುತ್ತದೆ. ಕೋಳಿಮರಿ ಸಾಕಿದ್ದರೆ ಮಾತ್ರ ಗೂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ.

ಪ್ರ: ರೇಷ್ಮೆ ಹುಳು ಸಾಕಣೆ ಮನೆಗೆ ಇಲಿ ಬರುತ್ತಿದೆ. ಹಣ್ಣಾದ ಹುಳುವನ್ನೂ ಚಂದ್ರಿಕೆಯ (ಹುಳು ಗೂಡು ಕಟ್ಟುವ ಬಿದಿರ ತಟ್ಟೆ) ಗೂಡನ್ನೂ ತಿನ್ನುತ್ತದೆ. ಊಜಿ ನೊಣಕ್ಕೆ ಹಾಕಿದ ನೈಲಾನ್ ಬಲೆಯನ್ನೇ ಹರಿದಿದೆ. ಪಾಷಾಣ ಇಡಬಹುದೇ? (ಶಿಡ್ಲಘಟ್ಟ)

ಉ: ಒಳಗೆ ಬೇಡ. ಇಲಿ ಪಾಷಾಣದ ಪುಡಿ ಕಾಲಿಗೆ ಮೆತ್ತಿಕೊಂಡು ಸೊಪ್ಪಿನ ಮೇಲೆ ಓಡಿದರೆ ಬೆಳೆಗೇ ಅಪಾಯ.

ನೈಲಾನ್ ಬಲೆ ನೊಣಕ್ಕೆ ಸರಿ, ಇಲಿಗೆ ಅದು ದಾರ. ಕಿಟಕಿ, ಗಾಳಿಗಂಡಿಗಳ ಹೊರಬದಿಗೆ ಕಾಲಿಂಚು ವೆಲ್ಡ್ ಮೆಶ್, ಒಳಬದಿಗೆ ನೈಲಾನ್ ಬಲೆ, ಹೀಗೆ ಎರಡು ಪದರ ಇರಲಿ. ಚೌಕಟ್ಟಿಗೆ ಮೊಳೆ ಹೊಡೆದರೆ ಮೂಲೆಯಲ್ಲಿ ಸಡಿಲ ಉಳಿಯುತ್ತದೆ. ಮರದ ಪಟ್ಟಿ ಮೇಲಿಟ್ಟು ಒಂದೊಂದು ಗೇಣಿಗೂ ಸ್ಕ್ರೂ ಬಿಗಿಸಿ.

ಸ್ಟ್ಯಾಂಡಿನ ಕಾಲ ಕೆಳಗಿನ ಇರುವೆ ಬಟ್ಟಲು ಇಲಿಯನ್ನು ತಡೆಯದು. ಕಾಲಿಗೆ ಬೋರಲು ಹಾಕಿದ ಲಾಳಿಕೆಯಂತೆ ತಗಡಿನ ಟೋಪಿ ಹಾಕಿಸಿ. ಗೋಡೆಗೂ ಸ್ಟ್ಯಾಂಡಿಗೂ ನಡುವೆ ಎರಡು ಅಡಿಯಾದರೂ ಬಿಡಿ. ಮನೆಯಿಲಿ ನಿಂತಲ್ಲಿಂದ ಸುಮಾರು ಎರಡೂವರೆ ಅಡಿ ಮೇಲಕ್ಕೆ ನೆಗೆಯಬಲ್ಲದು, ಆದ್ದರಿಂದ ಟೋಪಿ ನೆಲದಿಂದ ಮೂರಡಿ ಎತ್ತರದಲ್ಲಿ ಇರಲಿ. ಚಂದ್ರಿಕೆಯನ್ನು ಗೋಡೆಗೆ ಒರಗಿಸುವುದೇ ದೊಡ್ಡ ತಪ್ಪು. ಬಿದಿರ ಹೆಣಿಗೆಗಿಂತ ಒಳ್ಳೆಯ ಏಣಿ ಇಲಿಗೆ ಬೇರೆ ಯಾವುದಿದೆ! ಗೂಡು ಕಟ್ಟುವ ರಾತ್ರಿಗಳಲ್ಲಿ ಗೋಡೆಯುದ್ದಕ್ಕೂ ಕತ್ತರಿ ಒಡ್ಡಿ. ಹಿಪ್ಪೆ, ಉಳಿದ ಕಡ್ಡಿಯನ್ನು ಬಾಗಿಲ ಬಳಿ ಗುಡ್ಡೆ ಹಾಕದೆ ಅಂದಂದೇ ದೂರದ ಗುಂಡಿಗೆ ಹಾಕಿ. ಬೆಳೆ ಮುಗಿದು ಮನೆ ತೊಳೆಯುವ ವಾರವೇ ತೂತು ಮುಚ್ಚಲು ಸರಿಯಾದ ಸಮಯ.

ಪ್ರ: ಮನೆಯಲ್ಲಿ ಚಿಕ್ಕ ಮಕ್ಕಳು, ಒಂದು ನಾಯಿ. ಅಂಗಡಿಯವರು ‘ಈ ಕೇಕು ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ, ಅಪಾಯವಿಲ್ಲ’ ಎನ್ನುತ್ತಾರೆ. ನಂಬಬಹುದೇ? (ಗೌರಿಬಿದನೂರು)

ಉ: ನಂಬಬೇಡಿ. ಯಾವ ಪಾಷಾಣವೂ ಇಲಿಯನ್ನು ಹೊರಗೆ ಕಳಿಸುವುದಿಲ್ಲ, ಅದು ತನ್ನ ಗೂಡಿನಲ್ಲೇ ಸಾಯುವುದು ಹೆಚ್ಚು. ಬ್ರೋಮಡಿಯೋಲೋನ್ ಕೇಕು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಸಾಯಲು ನಾಲ್ಕೈದು ದಿನವಾದರೂ ಬೇಕು. ನಡುವಿನ ದಿನಗಳಲ್ಲಿ ಮಂದವಾಗಿ ಓಡಾಡುವ ಅದನ್ನು ನಾಯಿ, ಬೆಕ್ಕು, ಗೂಬೆ ಹಿಡಿದು ತಿಂದರೆ ವಿಷ ಅವಕ್ಕೂ ಹೋಗುತ್ತದೆ. ಹೊಲದ ಇಲಿ ತಿನ್ನುವ ಕೇರೆ ಹಾವು, ಗೂಬೆಗಳನ್ನು ಕಳೆದುಕೊಂಡರೆ ಮುಂದಿನ ವರ್ಷ ಇಲಿ ಹೆಚ್ಚುತ್ತದೆ.

ನಿಮ್ಮ ಮನೆಗೆ ಬೋನು, ಕತ್ತರಿ ಸಾಕು. ಹೊರಗೆ ಕೇಕು ಇಡಲೇಬೇಕೆಂದರೆ ಬೀಗವಿರುವ ಡಬ್ಬಿಯೊಳಗೆ, ಒಳಗಿನ ಕಂಬಿಗೆ ಪೋಣಿಸಿ ಇಡಬೇಕು. ಉಳಿದದ್ದನ್ನು ಎಣಿಸಿ ವಾಪಸ್ ತೆಗೆಯಬೇಕು. ಹಳದಿ ರಂಜಕದ ಟ್ಯೂಬ್ ಪೇಸ್ಟನ್ನು ಮನೆಯೊಳಗೆ ತರಲೇಬೇಡಿ. ಅದಕ್ಕೆ ಪ್ರತ್ಯೌಷಧ ಇಲ್ಲ, ಮೊದಲ ಒಂದೆರಡು ದಿನ ಏನೂ ಆಗಿಲ್ಲವೆಂಬಂತೆ ಇದ್ದು ಆಮೇಲೆ ಯಕೃತ್ತನ್ನೇ ಹಾಳು ಮಾಡುತ್ತದೆ. ಕಾಳಿನ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನೂ ಮನೆಯಲ್ಲಿ ಇಡಬಾರದು. ಅದರ ಅನಿಲ ಗೋಡೆಯ ಬಿರುಕಿನಲ್ಲಿ ಹಾದು ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ.

ಮಗು ಇಲಿ ಪಾಷಾಣ ಬಾಯಿಗೆ ಹಾಕಿಕೊಂಡಿತೆಂದು ಅನುಮಾನ ಬಂದರೂ ಸಾಕು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಬ್ರೋಮಡಿಯೋಲೋನ್‌ಗೆ ವಿಟಮಿನ್ ಕೆ1 ಪ್ರತ್ಯೌಷಧವಿದೆ. ಯಾವ ವಿಷ ಎಂದು ಗೊತ್ತಾದರೆ ವೈದ್ಯರಿಗೆ ದಾರಿ ಸುಲಭ. ಮಗು ಆಡಿಕೊಂಡಿದೆ ಎಂದು ಕಾದು ನೋಡುವುದು ಬೇಡ.

ಪ್ರ: ಅಟ್ಟದ ಸಾಮಾನಿನ ನಡುವೆ ಎಲ್ಲೋ ಇಲಿ ಸತ್ತು ನಾರುತ್ತಿದೆ. (ಬಂಗಾರಪೇಟೆ)

ಉ: ನೊಣ ಎಲ್ಲಿ ಕೂರುತ್ತದೆ ನೋಡಿ, ಹತ್ತಿರದಲ್ಲೇ ಇದೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಎರಡು ಅಡಿ ಆಳಕ್ಕೆ ಹೂಳಿ. ಜಾಗಕ್ಕೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಸಿಗದ ಸಂದಿನಲ್ಲಿದ್ದರೆ ಚಿಟ್ಟಿಲಿಯಾದರೆ ಕೆಲವೇ ದಿನ, ದೊಡ್ಡ ಇಲಿಯಾದರೆ ಎರಡು ವಾರದವರೆಗೆ ವಾಸನೆ. ತಟ್ಟೆಯಲ್ಲಿ ಇದ್ದಿಲು ಇಟ್ಟು ಕಿಟಕಿ ತೆರೆದಿಡಿ. ಫಿನೈಲ್ ಸುರಿದರೆ ಎರಡು ವಾಸನೆ ಆಗುತ್ತದೆ, ಅಷ್ಟೇ.

ಪ್ರ: ಹಿರಿಯರು ‘ಇಲಿ ಬಿದ್ದರೆ ಊರು ಬಿಡಬೇಕು’ ಎನ್ನುತ್ತಿದ್ದರು. ಈಗಲೂ ಹಾಗೇನಾದರೂ ಇದೆಯೇ? ಇಲಿ ಜ್ವರ ಕಚ್ಚುವುದರಿಂದ ಬರುತ್ತದೆಯೇ? (ಮುಳಬಾಗಿಲು)

ಉ: ಹಿರಿಯರು ಹೇಳಿದ್ದು ಪ್ಲೇಗಿನ ಕಾಲದ ಮಾತು. ಇಲಿಗಳು ಮೊದಲು ಸಾಯುತ್ತಿದ್ದವು. ಮೈ ತಣ್ಣಗಾದ ಇಲಿಯನ್ನು ಬಿಟ್ಟ ಚಿಗಟಗಳು ಮನುಷ್ಯರನ್ನು ಕಚ್ಚುತ್ತಿದ್ದವು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದವರು ಚಿಗಟದಿಂದ ದೂರವಾಗಿ ಉಳಿದರು. ಕಾರಣ ತಿಳಿಯದಿದ್ದರೂ ಉಪಾಯ ಸರಿಯಾಗಿತ್ತು. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ನಿಮ್ಮ ಭಾಗದ ಕಾಡಿಲಿಗಳಲ್ಲಿ ಪ್ಲೇಗ್ ಇತ್ತೆಂಬ ಕಾರಣಕ್ಕೆ ಆರೋಗ್ಯ ಇಲಾಖೆಯವರು ದಶಕಗಳ ಕಾಲ ಇಲ್ಲಿ ನಿಗಾ ಇಟ್ಟಿದ್ದರು. ಪಾಷಾಣ ಇಡದೆಯೂ ನಾಲ್ಕಾರು ಇಲಿ ಒಟ್ಟಿಗೆ ಸತ್ತು ಬಿದ್ದರೆ ಇಂದಿಗೂ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಮುಖ್ಯವಾಗಿ ಮೂತ್ರದಿಂದ ಬರುತ್ತದೆ. ಇಲಿಯ ಮೂತ್ರ ಬೆರೆತ ಕೆಸರು, ಮೋರಿ ನೀರಿನಲ್ಲಿ ಒಡೆದ ಹಿಮ್ಮಡಿ, ಗಾಯದ ಕಾಲಿಟ್ಟರೆ ರೋಗಾಣು ಒಳಸೇರುತ್ತದೆ. ದಿಢೀರ್ ಜ್ವರ, ಮೀನಖಂಡ ಮುಟ್ಟಲಾರದಷ್ಟು ನೋವು, ಕಣ್ಣು ಕೆಂಪು – ಇವು ಒಟ್ಟಿಗೆ ಕಂಡರೆ ‘ಮೋರಿ ಕೆಲಸ ಮಾಡಿದ್ದೆ’ ಎಂದು ವೈದ್ಯರಿಗೆ ಹೇಳುವುದು ಮರೆಯಬೇಡಿ. ಬೇಗ ಗುರುತಿಸಿದರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ಮೇಲೆ ಹೇಳಿದ ಬ್ಲೀಚ್ ನೀರು ಚಿಮುಕಿಸಿ ನೆನೆದ ಮೇಲೆ ಕಾಗದದಿಂದ ಬಳಿದು ತೆಗೆಯಿರಿ.

ಪ್ರ: ಕಾರಿನ ವೈರು ಎರಡು ಸಲ ಕಡಿದಿದೆ. ಹೊಗೆಸೊಪ್ಪು ಕಟ್ಟಿದರೆ ಬರುವುದಿಲ್ಲವಂತೆ? (ಮಾಲೂರು)

ಉ: ವಾಸನೆ ಇರುವ ಎರಡು ದಿನ ಬರುವುದಿಲ್ಲ. ಇಲಿಗೆ ವೈರು ಆಹಾರವಲ್ಲ. ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಸವೆಸಲು ಏನಾದರೂ ಕಡಿಯಬೇಕು. ಎಂಜಿನ್ನಿನ ಬಿಸಿ ಮತ್ತು ಕತ್ತಲೆಗಾಗಿ ಬಂದದ್ದು ಕೈಗೆ ಸಿಕ್ಕಿದ್ದನ್ನು ಕಡಿಯುತ್ತದೆ. ಕಾರನ್ನು ಗೋಡೆ, ಗಿಡ, ಸೌದೆ ರಾಶಿಯಿಂದ ದೂರ ನಿಲ್ಲಿಸಿ. ಮನೆ ಆವರಣದೊಳಗಾದರೆ ರಾತ್ರಿ ಬಾನೆಟ್ ತೆರೆದು ಮೇಲೊಂದು ದೀಪ ಹಾಕಿ. ಮರೆಯಿಲ್ಲದ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಎ.ಸಿ.ಗೆ ಗಾಳಿ ಹೋಗುವ ಬಾಯಿಗೆ ಮೆಕ್ಯಾನಿಕ್ಕಿಗೆ ಹೇಳಿ ಕಾಲಿಂಚು ಜಾಲರಿ ಹಾಕಿಸಿ. ಮುಂದಿನ ಎರಡು ಚಕ್ರಗಳ ಒಳಬದಿಗೆ ಒಂದೊಂದು ಕತ್ತರಿ ಒಡ್ಡಿ, ಬೆಳಗ್ಗೆ ತೆಗೆಯಲು ಮರೆಯಬೇಡಿ. ಪಾಷಾಣ ಬೇಡ, ಡ್ಯಾಶ್‌ಬೋರ್ಡಿನೊಳಗೆ ಸತ್ತರೆ ಬಿಚ್ಚಿಸುವ ಕೂಲಿಯೇ ಹೆಚ್ಚು.

ಪ್ರ: ಪ್ಲಗ್ಗಿಗೆ ಹಾಕುವ, ಶಬ್ದ ಬಿಟ್ಟು ಇಲಿ ಓಡಿಸುವ ಯಂತ್ರ? (ಮಧುಗಿರಿ)

ಉ: ಆ ಶಬ್ದ ಗೋಡೆ ದಾಟುವುದಿಲ್ಲ, ಬೀರುವಿನ ಹಿಂದಕ್ಕೂ ಹೋಗುವುದಿಲ್ಲ, ಕೆಲವು ದಿನಕ್ಕೆ ಇಲಿಗೆ ಅಭ್ಯಾಸವಾಗುತ್ತದೆ. ಆ ದುಡ್ಡಿಗೆ ವೆಲ್ಡ್ ಮೆಶ್ ತನ್ನಿ.

ಪ್ರ: ಹತ್ತು ಮೂಟೆ ರಾಗಿ ಪಡಸಾಲೆಯಲ್ಲಿ ಗೋಡೆಗೆ ಒತ್ತಿ ಜೋಡಿಸಿದ್ದೇವೆ. ಕೆಳಗಿನ ಮೂಟೆಗಳು ತೂತು. ಹಿಂದೆ ಹಗೇವಿನಲ್ಲಿ (ನೆಲದಡಿಯ ಕಾಳಿನ ಗುಂಡಿ) ಇಡುತ್ತಿದ್ದಾಗ ಈ ಕಾಟ ಇರಲಿಲ್ಲ. (ಬಾಗೇಪಲ್ಲಿ)

ಉ: ರಾಗಿಗೆ ಹುಳು ಬೀಳುವುದು ಕಡಿಮೆ, ಅದರ ನಿಜವಾದ ಶತ್ರು ಇಲಿಯೇ. ಮನೆಯಿಲಿಯೊಂದು ದಿನಕ್ಕೆ ತನ್ನ ತೂಕದ ಸುಮಾರು ಹತ್ತನೇ ಒಂದು ಪಾಲು ತಿನ್ನುತ್ತದೆ. 150 ಗ್ರಾಮಿನ ಇಲಿಗೆ 15 ಗ್ರಾಂ ಎಂದರೂ ಹತ್ತು ಇಲಿ ವರ್ಷಕ್ಕೆ ಅರ್ಧ ಕ್ವಿಂಟಾಲ್ ಮೀರುತ್ತವೆ. ಮೂತ್ರ, ಹಿಕ್ಕೆ ಬಿದ್ದು ಕೆಡುವುದು ಅದಕ್ಕಿಂತ ಜಾಸ್ತಿ.

ಹಗೇವು ಮತ್ತೆ ತೆಗೆಸುವ ಜಾಗ ಎಲ್ಲರಿಗೂ ಇಲ್ಲ. ತಗಡಿನ ಕಣಜ ಒಳ್ಳೆಯದು. ಪ್ಲಾಸ್ಟಿಕ್ ಡ್ರಮ್ಮಾದರೆ ಅಂಚು, ಮುಚ್ಚಳ, ಏಣು ಇರುವ ಕಡೆ ಹಲ್ಲು ನಾಟುತ್ತದೆ. ನುಣುಪಾದ ದುಂಡು ಬದಿಯನ್ನು ಕಡಿಯಲಾಗದು. ಆದ್ದರಿಂದ ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವಂಥದ್ದನ್ನೇ ಕೊಳ್ಳಿ. ಮೂಟೆಯಲ್ಲೇ ಇಡುವುದಾದರೆ ಗೋಡೆಯಿಂದ ಒಂದೂವರೆ ಅಡಿ ಈಚೆಗೆ, ಒಂದು ಅಡಿ ಎತ್ತರದ ಮರದ ಮಣೆಯ ಮೇಲೆ ಜೋಡಿಸಿ. ಈ ಎತ್ತರ ಇಲಿಯನ್ನು ತಡೆಯಲಿಕ್ಕಲ್ಲ, ಕೆಳಗೆ ಪೊರಕೆ ಆಡಲಿ, ಬೆಕ್ಕು ನುಗ್ಗಲಿ ಎಂದು. ತೂತಾದ ಮೂಟೆಯನ್ನು ಹೊಲಿದು ಮತ್ತೆ ಕೆಳಗೇ ಇಡಬೇಡಿ. ಒಳಗೆ ಮರಿ ಇದೆಯೇ ಎಂದು ಮೊದಲು ಕಣದಲ್ಲಿ ಸುರಿದು ನೋಡಿ, ಕೇರಿ, ಎರಡು ಬಿಸಿಲು ಕಾಯಿಸಿ, ಬೀಸಿಸುವ ಮೊದಲು ತೊಳೆದು ಒಣಗಿಸಿ. ಹಿಕ್ಕೆ ಹೆಚ್ಚು ಬೆರೆತಿರುವುದನ್ನು ದನಕ್ಕೂ ಹಾಕಬೇಡಿ, ತಿಪ್ಪೆಗೆ ಹಾಕಿಬಿಡಿ.